ಕಂಡಕ್ಟರ್ ಹತ್ತಿರ ಕೇಳುವ ಚಿಲ್ಲರೆ ಮಾಲ್‌ನಲ್ಲಿ ಯಾಕೆ ಕೇಳುವುದಿಲ್ಲ?

ಬಿಎಂಟಿಸಿ ಕಂಡಕ್ಟರ್ ಟಿಕೆಟ್ ಹಿಂದೆ 7 ಎಂದು ಗೀಚಿ ಕೊಟ್ಟರೆ ಇಳಿಯುವ ತನಕ ನಮಗೆ ನೆಮ್ಮದಿ ಇಲ್ಲ. ಇನ್ನೂ ಎರಡು ಸ್ಟಾಪ್ ಇರುವಾಗಲೇ ಸೀಟು ಬಿಟ್ಟು ಎದ್ದು, ಜನರ ನಡುವೆ ನುಗ್ಗಿ, ‘ಚೇಂಜ್ ಕೊಡಿ ಸಾರ್’ ಎಂದು ಕೈ ಚಾಚುತ್ತೇವೆ. ತಡವಾದರೆ ದನಿ ಏರುತ್ತದೆ. ಅರ್ಧ ಬಸ್ಸು ನಮ್ಮ ಪರ ನಿಲ್ಲುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರು ತುಂಬಿ ಸುರಿದ ಮೇಲೂ ‘ಒಂದಿಷ್ಟು ಕೊಸರು ಹಾಕಮ್ಮ’ ಎನ್ನದೆ ಚೀಲ ಮುಚ್ಚುವವರಲ್ಲ ನಾವು. ಇಂಥ ನಾವು ಮಾಲ್‌ನ ಎಸ್ಕಲೇಟರ್ ಹತ್ತಿ ಗೇಮ್ ಜೋನ್ ತಲುಪಿದ ಕೂಡಲೇ ದಾನಶೂರ ಕರ್ಣರಾಗಿಬಿಡುತ್ತೇವೆ.

ಕಳೆದ ತಿಂಗಳು ಮಗನ ಹುಟ್ಟುಹಬ್ಬಕ್ಕೆಂದು ಅಂಥ ಒಂದು ಕಡೆ ಹೋಗಿದ್ದೆ. ಕ್ಯೂನಲ್ಲಿ ನನ್ನ ಮುಂದೆ ರಾಮನಗರದಿಂದ ಬಂದ ಸಂಸಾರ. ಗಂಡ, ಹೆಂಡತಿ, ಏಳೆಂಟು ವರ್ಷದ ಮಗಳು. ತಾಯಿ-ಮಗಳಿಗೆ ಶಕ್ತಿ ಯೋಜನೆಯ ಟಿಕೆಟ್, ಗಂಡನಿಗೆ ಮಾತ್ರ ದುಡ್ಡು ಕೊಟ್ಟು ಬಸ್ಸಿನಲ್ಲಿ ಬಂದಿದ್ದರು. ‘ಉಳಿದದ್ದರಲ್ಲಿ ಇವಳಿಗೆ ಒಂದೆರಡು ಆಟ’ ಎಂದು ಆಕೆ ನಗುತ್ತ ಹೇಳಿದರು. ಐನೂರು ರೂಪಾಯಿ ಕೊಟ್ಟರು. ಆಡಲು ಬೇಕಾದ ಕಾರ್ಡಿಗೇ 50 ಹೋಯಿತು, ಅದು ವಾಪಸ್ ಬರುವುದಿಲ್ಲವಂತೆ. ಉಳಿದ 450ರಲ್ಲಿ ಡಿಕ್ಕಿ ಹೊಡೆಯುವ ಕಾರಿಗೆ 140, ಮತ್ತೆ 95, 80, 75. ಅಲ್ಲಿಗೆ 390. ಕಾರ್ಡಿನಲ್ಲಿ 60 ಉಳಿಯಿತು. ಅಲ್ಲಿರುವ ಅತಿ ಅಗ್ಗದ ಆಟವೇ 75. ಇನ್ನು ಹದಿನೈದು ರೂಪಾಯಿ ಹಾಕಿ ಎಂದರೆ ಹಾಕುವಂತಿಲ್ಲ, ರೀಚಾರ್ಜ್ ಶುರುವಾಗುವುದೇ 200ರಿಂದ. ಹಾಗಾದರೆ ಅರವತ್ತು ವಾಪಸ್ ಕೊಡಿ ಎಂದು ಆಕೆ ಮೆಲ್ಲಗೆ ಕೇಳಿದರು. ಕೌಂಟರಿನ ಹುಡುಗ ದಿನಕ್ಕೆ ನೂರು ಸಲ ಹೇಳುವ ಪಾಠ ಒಪ್ಪಿಸಿದ: ‘ನಾನ್ ರಿಫಂಡಬಲ್ ಮೇಡಂ. ನೆಕ್ಸ್ಟ್ ಟೈಮ್ ಬಂದಾಗ ಯೂಸ್ ಮಾಡ್ಕೊಳ್ಳಿ.’

ನೆಕ್ಸ್ಟ್ ಟೈಮ್! ರಾಮನಗರದಿಂದ, ವರ್ಷಕ್ಕೊಮ್ಮೆ ರಜೆ ಹೊಂದಿಸಿಕೊಂಡು ಬರುವವರಿಗೆ. ಗಂಡ ಹೆಂಡತಿಯ ಮೊಣಕೈ ಹಿಡಿದು ‘ಬಿಡೇ, ಎಲ್ಲರೂ ನೋಡ್ತಿದಾರೆ’ ಎಂದ. ಮಗು ಆಟದಲ್ಲಿ ಗೆದ್ದ ಟಿಕೆಟ್‌ಗಳ ಹಾರವನ್ನು ಇನ್ನೊಂದು ಯಂತ್ರಕ್ಕೆ ತಿನ್ನಿಸಿ ಬಹುಮಾನ ತಂದಿತ್ತು. ಒಂದು ರಬ್ಬರು, ಅರ್ಧ ಬೆರಳಿನಷ್ಟು. ಹೋಗುವಾಗ ಆಕೆ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಪರ್ಸಿಗೆ ಹಾಕಿಕೊಂಡರು.

ಹಿಂದೆಯೇ ನಿಂತಿದ್ದ ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ನನ್ನ ಕಾರ್ಡಿನಲ್ಲೂ 45 ರೂಪಾಯಿ ಉಳಿಯಿತು, ನಾನೂ ಕೇಳದೆ ಬಂದೆ. ಈ ಬರಹದ ಅರ್ಧ ಸಿಟ್ಟು ನನ್ನ ಮೇಲೆಯೇ.

ದುಬಾರಿ ಎನ್ನುವುದು ನನ್ನ ತಕರಾರಲ್ಲ. ಮಲ್ಟಿಪ್ಲೆಕ್ಸ್ ದುಬಾರಿ ಎಂದು ಎಲ್ಲರೂ ಬೈಯುತ್ತೇವೆ. 2025ರ ಸೆಪ್ಟೆಂಬರ್‌ನಲ್ಲಿ ಸರಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಚಿತ್ರಮಂದಿರಕ್ಕಿದೆ, ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿತು. ಅಲ್ಲಿ ಪಾಪ್‌ಕಾರ್ನ್ ರೇಟು ಬೋರ್ಡಿನ ಮೇಲಾದರೂ ಇರುತ್ತದೆ. ನೋಡಿ ಎದೆ ಧಸಕ್ಕೆಂದರೆ ವಾಪಸ್ ಬಂದು ಕೂರಬಹುದು. ಕೊಂಡರೆ ಬಾಕಿ ಚಿಲ್ಲರೆ ಕೈಗೆ ಬರುತ್ತದೆ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ದೆಹಲಿ ಹಪ್ಪಳಕ್ಕೆ ಕೇಳಿದಷ್ಟು ಕೊಟ್ಟು ಗೊಣಗುತ್ತೇವೆ, ಆದರೂ ಹಪ್ಪಳದವನು ಉಳಿದ ದುಡ್ಡನ್ನು ಎಣ್ಣೆಗೈಯಲ್ಲೇ ಎಣಿಸಿ ಕೊಡುತ್ತಾನೆ. ‘ಮುಂದಿನ ದಸರಾಕ್ಕೆ ಬನ್ನಿ’ ಎನ್ನುವುದಿಲ್ಲ.

ನಾನು ಕ್ಷಮಿಸಲಾರದ್ದು ಈ ಕಾರ್ಡನ್ನು. ಒಳಗೆ ಕಾಲಿಡುವ ಮೊದಲೇ ನಮ್ಮ ದುಡ್ಡನ್ನು ದುಡ್ಡಲ್ಲದಂತೆ ಮಾಡುವ ಯಂತ್ರ ಅದು. ನೋಟು ಕೈಬಿಟ್ಟ ಮೇಲೆ ಅದು ಪಾಯಿಂಟು, ಕ್ರೆಡಿಟ್ಟು, ಇನ್ನೇನೋ. ಆಟದ ಮೇಲೆ ಬರೆದಿರುವ ಸಂಖ್ಯೆ ರೂಪಾಯಿಯೋ ಪಾಯಿಂಟೋ ಯಾರಿಗೂ ತಿಳಿಯಬಾರದು. ರೀಚಾರ್ಜಿನ ಮೊತ್ತಕ್ಕೂ ಆಟದ ಬೆಲೆಗೂ ತಾಳೆಯಾಗಬಾರದು, ಒಂದಿಷ್ಟು ಉಳಿಯಲೇಬೇಕು. ಇದು ಆಕಸ್ಮಿಕ ಎಂದು ನನಗೆ ನಂಬಿಸಬೇಡಿ. ಉಳಿದದ್ದಕ್ಕೆ ಒಂದು ಅವಧಿ, ಅವಧಿ ಮುಗಿದರೆ ಸೊನ್ನೆ. ಕಿರಾಣಿ ಅಂಗಡಿಯ ಶೆಟ್ಟರು ಹೀಗೆ ಮಾಡಿದ್ದರೆ ಬೀದಿಯವರೆಲ್ಲ ಸೇರಿ ಅಂಗಡಿ ಬಾಗಿಲು ಹಾಕಿಸುತ್ತಿದ್ದೆವು.

ಒಂದೇ ಸಂಸ್ಥೆಯಲ್ಲಿ ಮಾತ್ರ ನಡೆಯುವ ಇಂಥ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅನುಮತಿ ಬೇಡ ಎಂದ ಮಾತ್ರಕ್ಕೆ ಅಂಗಡಿಯವನು ಬರೆದದ್ದೆಲ್ಲ ಕಾನೂನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಅನುಚಿತ ಒಪ್ಪಂದ’ ಎಂಬ ಮಾತೇ ಇದೆ. ಗ್ರಾಹಕನ ಹಕ್ಕನ್ನು ವಿಪರೀತ ಮೊಟಕುಗೊಳಿಸುವ ಷರತ್ತನ್ನು ಪ್ರಶ್ನಿಸಬಹುದು. ಕಾರ್ಡಿನ ಬೆನ್ನ ಮೇಲೆ ಇರುವೆ ಸಾಲಿನಂತೆ ಅಚ್ಚಾದ ಆ ನಿಯಮವನ್ನು ನಾವು ಯಾವತ್ತು ಓದಿದ್ದೇವೆ, ಯಾವತ್ತು ಒಪ್ಪಿದ್ದೇವೆ?

ಉಳಿತಾಯದ ಉಪಾಯ ಹೇಳುವವರಿಗಂತೂ ಬರವಿಲ್ಲ. ವಾರದ ದಿನ ಹೋಗಿ, ಆಫರ್ ನೋಡಿ, ಮನೆಯಿಂದ ಚಕ್ಕುಲಿ ಕಟ್ಟಿಕೊಳ್ಳಿ, ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ಯಿರಿ, ಚೌಕಾಬಾರಾ ಕಲಿಸಿ. ಎಲ್ಲ ಸರಿ, ನಾನೂ ಮಾಡುತ್ತೇನೆ. ಆದರೆ ತೂತಿನ ಕೊಡದಲ್ಲಿ ನೀರು ಹೊರುವುದನ್ನು ಉಳಿತಾಯ ಎನ್ನಬೇಡಿ. ಬಡವರ ಮಕ್ಕಳು ಗೇಮ್ ಜೋನ್‌ಗೆ ಹೋಗಲೇಬಾರದು ಎನ್ನುವುದು ಉಪಾಯವೂ ಅಲ್ಲ, ನ್ಯಾಯವೂ ಅಲ್ಲ. ಆ ಹುಡುಗಿಗೂ ಡಿಕ್ಕಿ ಕಾರು ಬೇಕು. ಹೋಗಲಿ, ಆಡಲಿ. ಆಡಿದ್ದಕ್ಕೆ ಕೊಡೋಣ, ಆಡದ್ದಕ್ಕೆ ಯಾಕೆ?

ಈ ರೋಗ ಮಾಲ್‌ನಲ್ಲಿಯೇ ನಿಂತಿದ್ದರೆ ಇಷ್ಟು ಕೂಗಾಡುತ್ತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ತಿಂಡಿ ಮೇಳದಲ್ಲೂ ಕೂಪನ್. ಶಾಲೆಯ ಫನ್ ಫೇರ್‌ನಲ್ಲೂ ಕೂಪನ್. ನೂರರ ಕಟ್ಟು ಕೊಂಡು ಎಪ್ಪತ್ತರಷ್ಟು ತಿಂದರೆ ಮೂವತ್ತು ಗುಳುಂ. ‘ಒಳ್ಳೇ ಕೆಲಸಕ್ಕೆ ತಾನೆ’ ಎನ್ನುತ್ತಾರೆ ಸಮಿತಿಯವರು, ಅಂದರೆ ನಮ್ಮ-ನಿಮ್ಮಂಥವರೇ. ದೇಣಿಗೆ ಬೇಕಿದ್ದರೆ ಡಬ್ಬಿ ಇಡಿ ಸ್ವಾಮಿ, ಹಾಕುತ್ತೇವೆ. ಪಾನಿಪುರಿ ಹೆಸರಿನಲ್ಲಿ ಜೇಬಿಗೆ ಕೈ ಹಾಕಬೇಡಿ.

ಮಕ್ಕಳ ಮುಂದೆ ಚಿಲ್ಲರೆಯಾಗಿ ಕಾಣಬಾರದು ಎಂಬುದೇ ನಮ್ಮ ಬಾಯಿಗೆ ಬಿದ್ದ ಬೀಗ. ಕಾರ್ಡು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಹುಟ್ಟುಹಬ್ಬದ ದಿನ, ಮಗ ಕೈ ಹಿಡಿದು ನಿಂತಿರುವಾಗ, ಹಿಂದೆ ಹತ್ತು ಜನ ಕಾದಿರುವಾಗ ಯಾವ ಅಪ್ಪ ನಲವತ್ತೈದು ರೂಪಾಯಿಗೆ ಜಗಳ ತೆಗೆಯುತ್ತಾನೆ? ಬಸ್ಸಿನಲ್ಲಿ ಕೇಳುವಾಗ ಇಲ್ಲದ ನಾಚಿಕೆ ಏಸಿ ಗಾಳಿ ತಾಗಿದ ಕೂಡಲೇ ಎಲ್ಲಿಂದ ಬರುತ್ತದೆ? ಖಾಕಿ ತೊಟ್ಟವನ ಮೇಲೆ ಮಾತ್ರ ನಡೆಯುವ ಧೈರ್ಯವೇ ನಮ್ಮದು?

ಆದ್ದರಿಂದ ಕೇಳಿ. ಕೌಂಟರಿನ ಹುಡುಗನ ಮೇಲೆ ರೇಗಬೇಡಿ, ಅವನೂ ಸಂಬಳಕ್ಕೆ ನಿಂತವನು. ಮ್ಯಾನೇಜರನ್ನು ಕರೆಸಿ, ಕೊಡುವುದಿಲ್ಲ ಎಂದು ಬರೆದುಕೊಡಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೇ ಇಲ್ಲ. ಇದಕ್ಕಿಂತ ದೊಡ್ಡ ಮದ್ದು ನನ್ನ ಹತ್ತಿರ ಇಲ್ಲ. ಆದರೆ ಪಕ್ಕದವರು ಕೇಳುವಾಗ ನನ್ನ ಹಾಗೆ ಸುಮ್ಮನೆ ನಿಲ್ಲಬೇಡಿ. ಬಸ್ಸಿನಲ್ಲಿ ನಿಲ್ಲುವಂತೆ ಅವರ ಪರ ನಿಲ್ಲಿ. ಆವತ್ತು ನಾನು ಒಂದು ಮಾತು ಸೇರಿಸಿದ್ದರೆ ಆ ತಾಯಿ ಸೆರಗಿನಲ್ಲಿ ಒರೆಸಿದ ಪ್ಲಾಸ್ಟಿಕ್ ತುಂಡನ್ನಲ್ಲ, ಅರವತ್ತು ರೂಪಾಯಿಯನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದರೋ ಏನೋ.

ಮನೆಯ ಡ್ರಾಯರ್ ಎಳೆದು ನೋಡಿ, ಹಳೆಯ ಚಾರ್ಜರ್ ವೈರುಗಳ ಕೆಳಗೆ ಇಂಥ ಒಂದೆರಡು ಕಾರ್ಡು ಇದ್ದೇ ಇರುತ್ತವೆ. ನಮ್ಮಲ್ಲಿ ಮೂರು ಸಿಕ್ಕವು. ಎರಡರ ಅವಧಿ ಮುಗಿದಿದೆ. ಮೂರನೆಯದಕ್ಕೆ ಇನ್ನು ಹನ್ನೊಂದು ದಿನ ಇದೆ, ಭಾನುವಾರ ಮಗನನ್ನೂ ಕರೆದುಕೊಂಡು ಹೋಗಿ ಕೌಂಟರಿನ ಮುಂದೆ ನಿಲ್ಲುತ್ತೇನೆ. ನೀವೂ ಬನ್ನಿ.