ಕಲ್ಲಿನ ತೆನೆ, ವಿಜ್ಞಾನಿಯ ಕಾದಂಬರಿ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇಗುಲದ ಹೊರಭಿತ್ತಿಯ ಕೆಲವು ಮೂರ್ತಿಗಳು ಕೈಯಲ್ಲಿ ನೀಳವಾದ ವಸ್ತುವೊಂದನ್ನು ಹಿಡಿದಿವೆ. ಬುಡ ದಪ್ಪ, ತುದಿ ಮೊನಚು, ಮೈತುಂಬ ಸಾಲುಗಟ್ಟಿದ ಕಾಳು. ನಂಜನಗೂಡಿನ ಹೊಲಗಳಲ್ಲಿ ಮುಸುಕಿನ ಜೋಳ ಬೆಳೆಯುವವರು ಅದನ್ನು ತೆನೆಯೆಂದೇ ಗುರುತಿಸಿಯಾರು. ಆದರೆ ಮೆಕ್ಸಿಕೋದಲ್ಲಿ ಸುಮಾರು 9,000 ವರ್ಷಗಳ ಹಿಂದೆ ಕೃಷಿಗೆ ಒಗ್ಗಿದ ಈ ಬೆಳೆ 1492ರ ಕೊಲಂಬಸನ ಯಾನದ ಅನಂತರವೇ ಇತ್ತ ಬಂದಿತೆಂಬುದು ಒಪ್ಪಿತ ಚರಿತ್ರೆಯಾಗಿರುವಾಗ, 13ನೆಯ ಶತಮಾನದ ಶಿಲ್ಪಿ ಅದನ್ನು ಕಂಡದ್ದೆಲ್ಲಿ?

ಅದು ಜೋಳವೇ, ಕೊಲಂಬಸನಿಗೂ ಮೊದಲೇ ಖಂಡಗಳ ನಡುವೆ ಸಂಪರ್ಕವಿತ್ತು ಎಂದು ಕಾರ್ಲ್ ಯೊಹಾನೆಸ್ಸನ್ ಮತ್ತು ಆನ್ ಪಾರ್ಕರ್ 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ವಾದಿಸಿದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಚನ್ ಇದನ್ನು ಅಲ್ಲಗಳೆದು, ಅದು ಮುತ್ತುಗಳಿಂದ ಕಲ್ಪಿಸಿದ ‘ಮುಕ್ತಾಫಲ’ವೆಂದರು. ಸಾಲುಗಳನ್ನು ಎಣಿಸಿ ಇದನ್ನು ತೀರ್ಮಾನಿಸುವುದೂ ಸುಲಭವಲ್ಲ. ಜೋಳದ ಹೂಗೊಂಚಲಿನಲ್ಲಿ ಕಿರುತೆನೆಗಳು ಜೋಡಿಜೋಡಿಯಾಗಿ ಮೂಡುವುದರಿಂದ ಕಾಳಿನ ಸಾಲುಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿರುತ್ತವೆ. ಭಿತ್ತಿಗೆ ಅಂಟಿದ ಶಿಲ್ಪದಲ್ಲಾದರೋ ಹಿಂಬದಿಯ ಸಾಲುಗಳು ಎಣಿಕೆಗೇ ಸಿಗುವುದಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಎನ್. ಗಣೇಶಯ್ಯನವರು ‘ಕನಕ ಮುಸುಕು’ ಕಾದಂಬರಿಗೆ ಬಳಸಿಕೊಂಡದ್ದು ಹೊಯ್ಸಳ ಶಿಲ್ಪಗಳ ಇದೇ ಒಗಟನ್ನು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನಲ್ಲಿ ತಮ್ಮ ಶಾಸ್ತ್ರವನ್ನೇ ರಸವತ್ತಾಗಿ ಹೇಳಿದರೆ, ಗಣೇಶಯ್ಯನವರು ಶಾಸ್ತ್ರ ನಿಂತುಬಿಡುವ ಜಾಗದಿಂದ ಕಥೆಯನ್ನು ಹೊರಡಿಸುತ್ತಾರೆ. ಸಂಶೋಧನ ಪ್ರಬಂಧದಲ್ಲಿ ಆಧಾರ ಮುಗಿದಲ್ಲಿ ಮಾತೂ ಮುಗಿಯಬೇಕು. ಕಾದಂಬರಿಯಲ್ಲಿ ಊಹಾಪ್ರತಿಜ್ಞೆ, ಅಂದರೆ ಇನ್ನೂ ಪರೀಕ್ಷೆಗೊಳಪಡದ ತಾತ್ಕಾಲಿಕ ವಿವರಣೆ, ಪಾತ್ರಗಳ ಕೈಹಿಡಿದು ಮುಂದೆ ನಡೆಯಬಹುದು. ಹಾಗೆ ನಡೆದದ್ದನ್ನೇ ಓದುಗನು ಇತಿಹಾಸವೆಂದು ನಂಬಿಬಿಡುವ ಅಪಾಯ ಇಲ್ಲದಿಲ್ಲ. ಅವರ ಕಾದಂಬರಿಗಳಲ್ಲಿ ಅಡಿಟಿಪ್ಪಣಿಗಳೂ ಆಕರಗಳ ಉಲ್ಲೇಖಗಳೂ ಇರುವುದು ಅದಕ್ಕಾಗಿಯೇ ಮುಖ್ಯವಾಗುತ್ತದೆ: ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂಬುದನ್ನು ಓದುಗನೇ ತೂಗಿ ನೋಡಬಹುದು. ಇಂಥ ಬರಹವನ್ನು ಬರಿಯ ರೋಚಕ ಸಾಹಿತ್ಯವೆಂದು ಬದಿಗಿಡುವ ವಿಮರ್ಶೆ, ಸಂದೇಹಪಡುವ ಶಿಸ್ತನ್ನು ಸಾಮಾನ್ಯ ಓದುಗನಿಗೆ ಕಲಿಸುವ ಒಂದು ದಾರಿಯನ್ನೇ ಮುಚ್ಚಿದಂತಾಗುತ್ತದೆ.

2023ರಲ್ಲಿ ಸೋಮನಾಥಪುರವು ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿರುವುದರಿಂದ, ದೇಗುಲ ನೋಡಲು ಬರುವವರಿಗೆ ಜೋಳ, ಮುಕ್ತಾಫಲ ಎಂಬ ಎರಡು ವಾದಗಳನ್ನೂ ತಿಳಿಸಿಕೊಡುವುದು ಉಚಿತ. ತಿರುಮಕೂಡಲು ನರಸೀಪುರದಿಂದ ಕಪಿಲಾ ನದಿಯ ಗುಂಟ ಮೇಲಕ್ಕೆ ಹೋದರೆ ಸಿಗುವ ನಂಜನಗೂಡಿನಲ್ಲಿ ಮತ್ತೊಂದು ವಸ್ತು ಇಂಥದೇ ಲೇಖನಿಗಾಗಿ ಕಾದಿದೆ: ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿದ್ದರೂ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗಕ್ಕೆ ತುತ್ತಾಗಿ ತೋಟಗಳಿಂದ ಮರೆಯಾಗುತ್ತಿರುವ ರಸಬಾಳೆ. ಆ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರೇ, ಬಾಳೆ ಕೈಬಿಟ್ಟ ರೈತನ ಮನೆಯೊಳಗಿನ ಕಥೆಯನ್ನೂ ಬರೆಯಲಿ.