ಮನೆಯ ಕಂಪ್ಯೂಟರೂ ಲಿನಕ್ಸ್ ವ್ಯವಸ್ಥೆಯೂ

ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದೆತಾಯಿಗಳು ಕಷ್ಟಪಟ್ಟು ಕೊಂಡ ಕಂಪ್ಯೂಟರು ಅನೇಕ ಗೃಹಗಳಲ್ಲಿ ಈಗ ಒಂದು ವಿಚಿತ್ರ ಸ್ಥಿತಿಗೆ ಬಂದಿರುತ್ತದೆ. ಯಂತ್ರವು ಕೆಟ್ಟಿಲ್ಲ, ಆದಾಗ್ಯೂ ಅದು ನಿರುಪಯುಕ್ತವಾಯಿತೆಂಬ ಮಾತು ಕೇಳಿಬರುತ್ತದೆ. ಇದಕ್ಕೆ ಕಾರಣವೇನೆಂದರೆ, 2015ನೆಯ ಇಸವಿಯಲ್ಲಿ ಹೊರಬಂದ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯವರು 2025ನೆಯ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಅಪೇಕ್ಷಿಸುವುದರಿಂದ, 2017ಕ್ಕೆ ಮುಂಚಿನ ಬಹುತೇಕ ಯಂತ್ರಗಳು ಅದಕ್ಕೆ ಅರ್ಹವಲ್ಲ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ರಕ್ಷಣೆಯಿಲ್ಲದ ವ್ಯವಸ್ಥೆಯಲ್ಲಿಯೇ ಬ್ಯಾಂಕಿನ ವ್ಯವಹಾರ ನಡೆಯಿಸುವುದು ವಿವೇಕವಲ್ಲ. ಏಕೆಂದರೆ ಹೊಸದಾಗಿ ಕಂಡುಬರುವ ಲೋಪಗಳನ್ನು ಸರಿಪಡಿಸುವವರಿಲ್ಲ. ನೋಂದಾಯಿಸಿಕೊಂಡವರಿಗೆ ಕಂಪೆನಿಯವರು ಕೊಡುವ ಹೆಚ್ಚಿನ ಅವಧಿಯು ಕೇವಲ ಮುಂದೂಡಿಕೆ. ಹೊಸ ಯಂತ್ರವನ್ನು ಕೊಳ್ಳಲು ಎಲ್ಲರಿಗೂ ಅನುಕೂಲವಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ? ಆದುದರಿಂದ ಲಿನಕ್ಸನ್ನು ಒಮ್ಮೆ ಪರೀಕ್ಷಿಸಿ ನೋಡದೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬಾರದೆಂಬುದೇ ನಮ್ಮ ದೃಢವಾದ ಅಭಿಪ್ರಾಯ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಇದರ ತಿರುಳನ್ನು ರಚಿಸಿದರು. ಅದಕ್ಕೂ ಮುಂಚೆ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ನರು ಸಾರಿದ ಗ್ನೂ ಯೋಜನೆಯ ಉಪಕರಣಗಳು ಇದರೊಡನೆ ಕೂಡಿದವು. ಇದನ್ನು ಯಾರಾದರೂ ಬಳಸಬಹುದು, ಒಳಗಿನ ರಚನೆಯನ್ನು ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಇದರ ಪ್ರಸಿದ್ಧ ರೂಪಗಳು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಅನೇಕ ವರ್ಷಗಳಿಂದ ಇಂತಹ ಸ್ವತಂತ್ರ ತಂತ್ರಾಂಶದಲ್ಲಿಯೇ ಕಲಿಯುತ್ತಿದ್ದಾರೆ. ಮಕ್ಕಳಿಗೆ ಸಾಧ್ಯವಾದದ್ದು ಹಿರಿಯರಿಗೆ ಅಸಾಧ್ಯವೆಂದು ಹೇಳಲಾಗದು.

ಆದರೆ ಇದರಲ್ಲಿ ತೊಡಕುಗಳೇ ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಪತ್ರ ಬರೆಯುವುದಕ್ಕೂ ಲೆಕ್ಕದ ಪಟ್ಟಿಗಳಿಗೂ ಲಿಬ್ರೆ ಆಫೀಸ್, ಜಾಲವನ್ನು ನೋಡುವುದಕ್ಕೆ ಫೈರ್‌ಫಾಕ್ಸ್ ಸಾಕು. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕವಿಡುವವರು ಮಾತ್ರ ಅವಸರಪಡಬಾರದು. ಅದು ವಿಂಡೋಸಿಗಾಗಿಯೇ ರಚಿತವಾದದ್ದು. ಕೆಲವು ಪ್ರಿಂಟರುಗಳೂ ಹಟಮಾಡುವುದುಂಟು. ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದಿದೆ. ನುಡಿ, ಬರಹಗಳಲ್ಲಿ ಹಿಂದೆ ಯುನಿಕೋಡ್ ಅಲ್ಲದ ಅಕ್ಷರಗಳಿಂದ ಬರೆದಿಟ್ಟ ಕಡತಗಳು, ಆ ಅಕ್ಷರಶೈಲಿಗಳಿಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ತಾತನವರ ಆತ್ಮಕಥೆಯೋ ತಾಯಿಯ ಹಾಡಿನ ಸಂಗ್ರಹವೋ ಹೀಗೆ ಉಳಿದಿದ್ದರೆ ಮೊದಲೇ ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಹೊಸದಾಗಿ ಕನ್ನಡ ಬರೆಯುವುದಕ್ಕೆ ಲಿನಕ್ಸಿನಲ್ಲಿ ಯಾವ ಕೊರತೆಯೂ ಇಲ್ಲ. ಕಗಪ ಕೀಲಿಮಣೆಯ ವಿನ್ಯಾಸವೂ ದೊರೆಯುತ್ತದೆ.

ಮಾಡುವ ಕ್ರಮವು ಹೀಗೆ. ಮೊದಲು ಚಿತ್ರಗಳನ್ನೂ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುವುದೋ ಎಂದು ನೋಡಬೇಕು. ಅನಂತರ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಇಳಿಸಿ, ಅದರಿಂದಲೇ ಯಂತ್ರವನ್ನು ಆರಂಭಿಸಬೇಕು. ಹೀಗೆ ಪರೀಕ್ಷಿಸುವಾಗ ಒಳಗಿನ ಡಿಸ್ಕು ಮುಟ್ಟದೆ ಉಳಿಯುತ್ತದೆ. ವೈಫೈ, ಧ್ವನಿ, ಪ್ರಿಂಟರು ಸರಿಯಾಗಿ ನಡೆದರೆ ಮಾತ್ರ ಶಾಶ್ವತವಾಗಿ ಸ್ಥಾಪಿಸಬಹುದು. ಡಿಸ್ಕನ್ನು ಪೂರ್ತಿಯಾಗಿ ಲಿನಕ್ಸಿಗೆ ಬಿಟ್ಟುಕೊಟ್ಟಾಗ ಹಳೆಯದೆಲ್ಲವೂ ಅಳಿಸಿಹೋಗುವುದೆಂಬುದನ್ನು ಮರೆಯಲಾಗದು.

ಪ್ರಿಯ ಸೋದರಿಯರೇ, ಈ ಕಾರ್ಯವನ್ನು ಅಣ್ಣನಿಗೋ ಅಂಗಡಿಯವನಿಗೋ ಒಪ್ಪಿಸಿ ಸುಮ್ಮನಿರಬೇಡಿರಿ. ಯಂತ್ರವೆಂದರೆ ಗಂಡುಮಕ್ಕಳ ಪಾಲಿನದೆಂಬ ಭಾವನೆಯು ನಮ್ಮ ಮನೆಗಳಿಂದ ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಪೋಷಕರೂ ತಮ್ಮ ಪುತ್ರಿಯನ್ನು ಕರೆದು, ಆ ಪೆನ್‌ಡ್ರೈವನ್ನು ಅವಳ ಕೈಗೇ ಕೊಡಲಿ. ಉಳಿಯುವ ಹಣವು ಚಿಕ್ಕ ಲಾಭ. ತನ್ನ ಮನೆಯ ಯಂತ್ರವು ಹೇಗೆ ನಡೆಯುವುದೆಂದು ಬಲ್ಲ ಹುಡುಗಿಯು, ಅದು ಹಳತಾಯಿತೋ ಇಲ್ಲವೋ ಎಂಬುದನ್ನು ಪರರ ಮಾತಿನಿಂದಲ್ಲ, ತನ್ನ ವಿಚಾರದಿಂದಲೇ ನಿರ್ಣಯಿಸುವಳು. ವಿದ್ಯೆಯ ಪ್ರಯೋಜನವೂ ಇದೇ ಅಲ್ಲವೇ?