ಎದೆಹಾಲು: ತಾಯಿಯ ಹಕ್ಕು, ಕೂಸಿನ ಹಕ್ಕು

2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಹಸುಗೂಸೊಂದು ಕಳವಾಯಿತು. ಮರುವರ್ಷ ಪತ್ತೆಯಾದಾಗ ಅದು ಕೊಪ್ಪಳದ ಮನೆಯೊಂದರಲ್ಲಿ ಅಕ್ಕರೆಯಿಂದ ಬೆಳೆಯುತ್ತಿತ್ತು. ಹೆತ್ತವಳೂ ಸಾಕಿದವಳೂ ಕೂಸು ತನ್ನದೆಂದರು. ವಿವಾದ ಕರ್ನಾಟಕ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಸಾಕಿದವಳ ಪರವಾಗಿ ಯಶೋದೆಯ ದೃಷ್ಟಾಂತವನ್ನು ಮುಂದಿಡಲಾಯಿತು. ಹೆತ್ತವಳಿಗೆ ಬೇರೆ ಇಬ್ಬರು ಮಕ್ಕಳಿದ್ದಾರೆ, ಸಾಕಿದವಳಿಗೆ ಯಾರೂ ಇಲ್ಲವೆಂಬ ವಾದವೂ ಬಂತು.

2021ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಈ ವಾದಗಳನ್ನು ಒಪ್ಪಲಿಲ್ಲ. ಮಕ್ಕಳು ಎಣಿಸಿ ಹಂಚಿಕೊಳ್ಳುವ ಸ್ವತ್ತಲ್ಲ. ಎದೆಹಾಲೂಡುವುದು ಸಂವಿಧಾನದ 21ನೆಯ ವಿಧಿಯು ರಕ್ಷಿಸುವ, ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು. ಹಾಲುಣ್ಣುವ ಕೂಸಿನ ಹಕ್ಕೂ ಅದರೊಡನೆ ಬೆಸೆದಿದೆ ಎಂಬುದು ತೀರ್ಪಿನ ಸಾರ. ಸಾಕಿದವಳು ಕೂಸನ್ನು ಒಪ್ಪಿಸಿದಳು. ಮನಸ್ಸಾದಾಗಲೆಲ್ಲ ಬಂದು ನೋಡಬಹುದೆಂದು ಹೆತ್ತವಳು ಹೇಳಿದಳು.

ನ್ಯಾಯಾಲಯವು ಹಕ್ಕೆಂದು ಕರೆದುದನ್ನು ವೈದ್ಯಶಾಸ್ತ್ರವು ದೇಹದಲ್ಲಿಯೇ ತೋರಿಸುತ್ತದೆ. ಕೂಸು ಚೀಪಿದೊಡನೆ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಸ್ರವಿಸಿ ಹಾಲನ್ನು ಇಳಿಸುತ್ತದೆ. ತಾಯಿಯ ಮನಸ್ಸನ್ನೂ ಶಾಂತಗೊಳಿಸುತ್ತದೆ. ಕೆಲವೇ ದಿನಗಳಲ್ಲಿ ಕೂಸು ತಾಯಿಯ ವಾಸನೆಯನ್ನು ಗುರುತಿಸತೊಡಗುತ್ತದೆ. ಈ ಪರಿಚಯ ಬಲಿಯಲು ಸಾಮೀಪ್ಯ ಬೇಕು, ಸಮಯ ಬೇಕು.

ಆ ಸಮಯವನ್ನು ಕಾನೂನು ಅಳೆದು ಕೊಟ್ಟಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯ ಪ್ರಕಾರ, ಕೆಲಸಕ್ಕೆ ಮರಳಿದ ತಾಯಿಗೆ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಹಾಲೂಡುವ ವಿರಾಮಗಳು, ಸಾಮಾನ್ಯ ವಿಶ್ರಾಂತಿಯ ಹೊರತಾಗಿ, ದೊರೆಯಬೇಕಿತ್ತು. 2017ರ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು; 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಅವಕಾಶವನ್ನೂ ವಿಧಿಸಿತು. ಮೂರು ತಿಂಗಳಿಗಿಂತ ಕಿರಿಯ ಕೂಸನ್ನು ದತ್ತು ಪಡೆದ ತಾಯಿಗೂ 12 ವಾರಗಳ ರಜೆಯಿತ್ತಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಾಲೂಡುವ ವಿರಾಮಗಳನ್ನು ಉಳಿಸಿಕೊಂಡಿದೆ.

ಕರ್ನಾಟಕದ ತೀರ್ಪು ಕೇರಳದ ನ್ಯಾಯಾಲಯಗಳನ್ನು ಬಂಧಿಸದು. ಅದನ್ನು ಆಧಾರವಾಗಿ ಉಲ್ಲೇಖಿಸಬಹುದಷ್ಟೆ. ಆದರೆ ಹೆರಿಗೆಯ ಕಾನೂನು ಸಂಸತ್ತಿನದು. ಗಡಿಯ ಈಚೆಗೂ ಅದೇ ಬಲ. ಕಾಸರಗೋಡಿನ ಅಂಗಡಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ದುಡಿಯುವ ಬಾಣಂತಿ ವಿರಾಮವನ್ನು ಸಂಕೋಚದಿಂದ ಬೇಡಬೇಕಾಗಿಲ್ಲ. ಲಿಖಿತವಾಗಿ ಕೇಳಿ, ಪ್ರತಿಯೊಂದನ್ನು ಇಟ್ಟುಕೊಂಡರೆ ಸಾಕು.

ಮನೆಗೆಲಸ, ಕೂಲಿ, ಹೊಲಗೆಲಸಗಳ ತಾಯಂದಿರಿಗೆ ಈ ವಿರಾಮ ಕೊಡುವ ಮಾಲೀಕನಿಲ್ಲ. ಅಲ್ಲಿ ಆ ಗಳಿಗೆಯನ್ನು ಕಾಯ್ದುಕೊಡಬೇಕಾದವರು ಮನೆಯವರೇ: ಅಡುಗೆ ಹೊತ್ತಾದರೂ ಸರಿ, ಕೂಸು ಎದೆಗಂಟಿರುವಾಗ ತಾಯಿಯನ್ನು ಎಬ್ಬಿಸದಿರುವುದು.